ಚಿತ್ರದೊಳಗೆ ನನ್ನದೊಂದೇ ಬಾಯಿ

ಸಿಟ್ಟು ಇಳಿದ ಮೇಲೆ ಬರೆಯಬೇಕು ಎಂದು ತಿಳಿದವರು ಹೇಳುತ್ತಾರೆ. ಅದಕ್ಕಾಗಿ ಕಾಯುತ್ತ ಕೂತರೆ ನನಗೆ ನಿವೃತ್ತಿಯೇ ಬಂದುಬಿಡುತ್ತದೆ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನನಗೆ ಸಿಟ್ಟು ಬಂದಿರುವುದು ಒಂದು ಚಿತ್ರದ ಮೇಲೆ. ಮನುಷ್ಯರ ಮೇಲೆ ಸಿಟ್ಟು ಬಂದರೆ ಒಂದು ಅನುಕೂಲವಿದೆ. ನಾಲ್ಕು ಬೈದರೆ ಅವರ ಮುಖ ಸಣ್ಣದಾಗುತ್ತದೆ, ನಮಗೆ ಸಮಾಧಾನವಾಗುತ್ತದೆ, ಆಮೇಲೆ ಬೇಕಾದರೆ ಒಟ್ಟಿಗೆ ಚಹಾ ಕುಡಿಯಬಹುದು. ಚಿತ್ರಕ್ಕೆ ಎಷ್ಟು ಬೈದರೂ ಅದರ ಮುಖ ಇದ್ದ ಹಾಗೇ ಇರುತ್ತದೆ. ಅದರಲ್ಲೂ ಆ ಮುಖ ನಮ್ಮದೇ ಆಗಿದ್ದರೆ ಆಗುವ ಸಂಕಟವನ್ನು ಹೇಗೆ ಹೇಳುವುದು?

ನಾನು ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಕಂಟ್ರೋಲರನಿಗೇ ಕಂಟ್ರೋಲ್ ಇಲ್ಲ ಎಂಬ ತಮಾಷೆಯನ್ನು ನೀವು ಮಾಡಬೇಕಾಗಿಲ್ಲ, ಇಪ್ಪತ್ತೆರಡು ವರ್ಷಗಳಿಂದ ಎಲ್ಲ ಡ್ರೈವರುಗಳೂ ಮಾಡಿ ಮುಗಿಸಿದ್ದಾರೆ. ಕಾರವಾರದ ಕಡೆ ಹೋಗುವ ಬಸ್ಸು, ಕುಮಟೆಯ ಕಡೆ ಹೋಗುವ ಬಸ್ಸು, ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವ ಬಸ್ಸು, ಎಲ್ಲವೂ ನನ್ನ ಕಿಟಕಿಯ ಮುಂದೆಯೇ ಬಂದು ನಿಲ್ಲಬೇಕು. ಒಂದು ಬಸ್ಸು ಹಿಂದಕ್ಕೆ ಬರುವಾಗ ಅದರ ಹಿಂದೆಯೇ ಒಬ್ಬ ಮಹಾನುಭಾವ ನಿಂತು ಕಡಲೆ ತಿನ್ನುತ್ತಿರುತ್ತಾನೆ. ಮೈಸೂರು ಬಸ್ಸು ಯಾವಾಗ ಎಂದು ಕೇಳಿದವರಿಗೆ ಉತ್ತರ ಹೇಳಿ ಬಾಯಿ ಮುಚ್ಚುವುದರೊಳಗೆ ಅವರ ಹಿಂದೆ ನಿಂತವರು ಅದನ್ನೇ ಕೇಳುತ್ತಾರೆ. ಇಂಥ ಕಡೆ ಮೆತ್ತಗೆ ಮಾತಾಡಿಕೊಂಡು ಇರುವವನು ಸಂತನಾಗಿರಬೇಕು, ಇಲ್ಲವೇ ಕಿವುಡನಾಗಿರಬೇಕು. ನಾನು ಎರಡೂ ಅಲ್ಲ. ಕೆಲಸ ಮುಗಿಸಿ ಮನೆಗೆ ಬಂದಾಗ ಮೈಕನ್ನು ಅಲ್ಲಿಯೇ ಬಿಟ್ಟು ಬಂದಿರುತ್ತೇನೆ ನಿಜ, ಆದರೆ ಗಂಟಲು ನನ್ನ ಜೊತೆಯಲ್ಲೇ ಬರುತ್ತದಲ್ಲ.

ಮನೆಯಲ್ಲಿ ನಾವು ಮೂರು ಜನ. ಹೆಂಡತಿ ಸುಮತಿ ಹಾರವಾಡದವಳು, ಮಾತು ಕಡಿಮೆ. ಮದುವೆಯಾದ ಹೊಸದರಲ್ಲಿ ಅದು ಅವಳ ಸ್ವಭಾವ ಎಂದುಕೊಂಡು ನನ್ನ ಅದೃಷ್ಟಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಮಗಳು ವಿದ್ಯಾ ಕಾಲೇಜಿಗೆ ಹೋಗುತ್ತಾಳೆ, ಊಟದ ಹೊತ್ತಿನಲ್ಲಿ ತಾಯಿಯ ಹಾಗೆ, ಗೆಳತಿಯರ ಫೋನು ಬಂದಾಗ ನನ್ನ ಹಾಗೆ. ಊಟಕ್ಕೆ ಬರುವ ನಾಲ್ಕನೆಯವನು ಸುಮತಿಯ ತಮ್ಮ ರಮಾಕಾಂತ. ಅವನೇ ಈ ಎಲ್ಲ ಅನಾಹುತದ ಕರ್ತೃ.

ರಮಾಕಾಂತನಿಗೆ ನಲವತ್ತರ ಹತ್ತಿರ. ಧಾರವಾಡದಲ್ಲಿ ಚಿತ್ರಕಲೆ ಕಲಿತು, ಗೋವೆಯ ಹೋಟೆಲುಗಳ ಗೋಡೆಯ ಮೇಲೆ ತೆಂಗಿನಮರ, ಸೂರ್ಯಾಸ್ತ ಬರೆದು, ಅದು ಸಾಕಾಗಿ ಕಾರವಾರದಾಚೆಯ ಸದಾಶಿವಗಡದಲ್ಲಿ ಒಂದು ಅಂಗಡಿಯ ಮಹಡಿಯ ಮೇಲೆ ಕೋಣೆ ಹಿಡಿದಿದ್ದ. ಇನ್ನು ಮುಂದೆ ಮನುಷ್ಯರನ್ನು ಮಾತ್ರ ಬರೆಯುವುದು ಎಂದು ತೀರ್ಮಾನಿಸಿದ್ದನಂತೆ. ಒಳ್ಳೆಯದೇ ಎಂದುಕೊಂಡೆ. ಆದರೆ ಅವನು ಬರೆದ ಮನುಷ್ಯರನ್ನು ನೋಡಿದರೆ ತೆಂಗಿನಮರವೇ ವಾಸಿ ಅನ್ನಿಸುತ್ತಿತ್ತು. ಒಬ್ಬಳ ಕೈ ಮೊಣಕಾಲಿನ ಕೆಳಗೂ ಇಳಿದಿತ್ತು. ಇನ್ನೊಬ್ಬನಿಗೆ ಹೊಟ್ಟೆ ಇರಬೇಕಾದ ಕಡೆ ಒಂದು ಬಾಗಿಲು. ಕಣ್ಣು, ಮೂಗು ದೇವರು ಇಟ್ಟ ಜಾಗದಲ್ಲಿ ಇದ್ದರೆ ಏನು ನಷ್ಟ ಎಂದು ನಾನು ಕೇಳಿದ್ದೆ. ಹೊರಗಿನ ಆಕಾರವನ್ನು ಕ್ಯಾಮರಾ ತೆಗೆಯುತ್ತದೆ, ತನಗೆ ಬೇಕಾದದ್ದು ಒಳಗಿರುವುದು ಎಂದು ಅವನು ಹೇಳಿದ. ಒಳಗಿರುವುದು ಬೇಕಾದರೆ ಕಾರವಾರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾರೆ ಎಂದೆ. ಸುಮತಿ ತಲೆ ತಗ್ಗಿಸಿ ಅವನಿಗೆ ಇನ್ನೊಂದು ಬಂಗಡೆ ಮೀನು ಬಡಿಸಿದಳು. ಪ್ರತಿ ಆಯ್ತವಾರ ಅವನ ಊಟ ನಮ್ಮಲ್ಲೇ.

ಅಂಥವನು ಒಂದು ದಿನ, ನಿಮ್ಮದೊಂದು ಚಿತ್ರ ಬರೆಯಬೇಕು ಭಾವ, ಎಂದ. ಅಲ್ಲಿಯವರೆಗೆ ಅವನ ಚಿತ್ರಗಳ ಬಗ್ಗೆ ನಾನು ಹೇಳಿದ್ದನ್ನೆಲ್ಲ ಆ ಕ್ಷಣಕ್ಕೆ ಮರೆತುಬಿಟ್ಟೆ. ಬೇರೆಯವರ ಮೂಗು ಆಚೀಚೆ ಆಗಿದ್ದಿರಬಹುದು, ನನ್ನದನ್ನು ಅವನು ಸರಿಯಾದ ಜಾಗದಲ್ಲೇ ಇಡುತ್ತಾನೆ ಎಂಬ ಭರವಸೆ ಅದೆಲ್ಲಿಂದಲೋ ಬಂತು. ಅಕ್ಕನ ಗಂಡನಲ್ಲವೇ? ಮರು ಆಯ್ತವಾರ ಯೂನಿಫಾರ್ಮಿಗೆ ಇಸ್ತ್ರಿ ಹಾಕಿಸಿ, ಕ್ಷೌರ ಮಾಡಿಸಿಕೊಂಡು, ಮೀಸೆಗೆ ಒಂದಿಷ್ಟು ಕಪ್ಪು ಹಚ್ಚಿ ಹಿಂದಿನ ಜಗಲಿಯಲ್ಲಿ ಕುರ್ಚಿ ಹಾಕಿ ಕೂತೆ. ವಿದ್ಯಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಒಳಗೆ ಓಡಿದಳು. ರಮಾಕಾಂತ ಬಂದವನು ಅಂಗಿ ತೆಗೆಯಲು ಹೇಳಿದ.

"ಅಂಗಿ ಎಂತಕ್ಕೆ ಭಾವ? ಅಂಗಿಗೆ ಮನಸ್ಸು ಇರೂದಿಲ್ಲ," ಎಂದ.

ಎಂಟು ಆಯ್ತವಾರ ಕೂತೆ. ಅಲುಗಾಡದೆ, ಮಾತಾಡದೆ ಕೂರಬೇಕೇನೋ ಎಂದು ಮೊದಲು ಹೆದರಿದ್ದೆ. ಹಾಗೇನಿಲ್ಲ, ದಿನಾ ಇರುವ ಹಾಗೇ ಇರಿ ಎಂದ. ಇದ್ದೆ. ದಿನಾ ಇರುವ ಹಾಗೆ ಎಂದರೆ, ಪೇಪರಿನವನು ತಡ ಮಾಡಿದ್ದಕ್ಕೆ ಅವನನ್ನು ಬೈದೆ, ಪಕ್ಕದ ಮನೆಯ ಕೋಳಿ ನಮ್ಮ ಬಸಳೆ ಚಪ್ಪರದ ಬುಡ ಕೆದಕಿದ್ದಕ್ಕೆ ಕೋಳಿಯನ್ನೂ ಅದರ ಯಜಮಾನರನ್ನೂ ಬೈದೆ. ಸಾರಿಗೆ ಉಪ್ಪು ಜಾಸ್ತಿಯಾದ ದಿನ ಒಂದು ತರಹ, ಕಡಿಮೆಯಾದ ದಿನ ಇನ್ನೊಂದು ತರಹ. ನಾನು ಸುಮ್ಮನೆ ಗಂಭೀರವಾಗಿ ದೂರ ನೋಡುತ್ತ ಕೂತಾಗ ಇವನು ಪೆನ್ಸಿಲ್ ಕೆಳಗಿಟ್ಟು ಆಕಳಿಸುತ್ತಿದ್ದ. ಗಂಟಲು ತೆಗೆದ ಕೂಡಲೇ ಅವನ ಕೈ ಚುರುಕಾಗುತ್ತಿತ್ತು. ಇವನಿಗೆ ಬೆಳಕು ನೆರಳಿನ ಏನೋ ಲೆಕ್ಕಾಚಾರವಿರಬೇಕು ಎಂದು ನಾನು ತಿಳಿದೆ. ಕೆಲವೊಮ್ಮೆ ನನ್ನನ್ನು ಬಿಟ್ಟು, ತಟ್ಟೆ ಹಿಡಿದು ಆಚೆ ಈಚೆ ಹೋಗುವ ಸುಮತಿಯನ್ನು ನೋಡುತ್ತಿದ್ದ. ಅಕ್ಕನನ್ನು ತಮ್ಮ ನೋಡಿದರೆ ಅದಕ್ಕೇನು ಎಂದು ಸುಮ್ಮನಾದೆ. ಹಾಳೆ ಮಾತ್ರ ನನಗೆ ಒಮ್ಮೆಯೂ ತೋರಿಸಲಿಲ್ಲ.

ಕಾರವಾರದಲ್ಲಿ ಸಮುದ್ರದ ದಂಡೆಗೆ ಹತ್ತಿರದ ಒಂದು ಸಭಾಗೃಹದಲ್ಲಿ ಅವನ ಚಿತ್ರಗಳ ಪ್ರದರ್ಶನ ಎಂದು ಗೊತ್ತಾದಾಗ ನಾನು ಮಾಡಿದ್ದನ್ನು ಈಗ ನೆನೆದರೆ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಆ ಕಡೆ ಹೋಗುವ ಒಬ್ಬ ಕಂಡಕ್ಟರನನ್ನೂ ಬಿಡದೆ ಹೇಳಿದೆ. ನನ್ನ ಚಿತ್ರ ಇದೆಯಂತೆ, ಬಾಗಿಲಿನಷ್ಟು ದೊಡ್ಡದಂತೆ, ಪುರುಸೊತ್ತು ಮಾಡಿಕೊಂಡು ನೋಡಿ ಬನ್ನಿ, ಎಂದು. ಅಷ್ಟಕ್ಕೂ ನಿಲ್ಲದೆ, ಮೊದಲ ದಿನ ರಜೆ ಹಾಕಿ, ಸುಮತಿಯನ್ನೂ ವಿದ್ಯಾಳನ್ನೂ ಕರೆದುಕೊಂಡು, ನನ್ನ ಬಹುಕಾಲದ ಗೆಳೆಯ ಕಂಡಕ್ಟರ್ ಬೀರಣ್ಣನನ್ನು ಬಲವಂತ ಮಾಡಿ ಹೊರಡಿಸಿಕೊಂಡು ಹೋದೆ.

ಚಿತ್ರ ಎದುರುಗೋಡೆಯಲ್ಲೇ ಇತ್ತು. ಬಾಗಿಲಿನಷ್ಟು ದೊಡ್ಡದೆಂಬುದು ಸುಳ್ಳಲ್ಲ. ಕೆಳಗೆ 'ಊಟದ ಹೊತ್ತು' ಎಂದು ಬರೆದಿತ್ತು. ನಡುವೆ ಕುರ್ಚಿಯಲ್ಲಿ ಬರಿಮೈಯ ಗಂಡಸು. ಅವನ ಕುತ್ತಿಗೆ ತಲೆಗಿಂತ ಅಗಲ, ಅದರೊಳಗೆ ನರಗಳು ಹಗ್ಗದ ಹಾಗೆ. ಬಾಯಿ ತೆರೆದಿದೆ, ಒಳಗೆ ನಾಲಗೆಯಿಲ್ಲ, ಹಲ್ಲಿಲ್ಲ, ಬರೀ ಕತ್ತಲೆ. ಇಷ್ಟು ದೊಡ್ಡ ಬಾಯಿಯ ಆಸಾಮಿಗೆ ಕಾಲುಗಳು ಮಾತ್ರ ಎಳೆಮಗುವಿನವು. ನೆಲಕ್ಕೆ ತಾಗದೆ ಕುರ್ಚಿಯಿಂದ ನೇತಾಡುತ್ತಿವೆ. ಆಚೆ ಈಚೆ ಬಾಗಿ ನಿಂತ ಇಬ್ಬರು ಹೆಂಗಸರು, ಕೈಯಲ್ಲಿ ತಟ್ಟೆ. ಅವರಿಗೆ ಕಣ್ಣಿದೆ, ಮೂಗಿದೆ, ಕಿವಿ ಸ್ವಲ್ಪ ದೊಡ್ಡದೇ ಇದೆ. ಬಾಯಿ ಇಲ್ಲ. ಅಳಿಸಿದ್ದಲ್ಲ, ಮುಚ್ಚಿದ್ದಲ್ಲ, ಆ ಜಾಗದಲ್ಲಿ ಬರೀ ಚರ್ಮ.

ಇದು ಬೇರೆ ಯಾರೋ ಇರಬೇಕೆಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ. ನನ್ನ ಎಡ ಹುಬ್ಬಿನ ಮೇಲಿನ ನರುಳ್ಳೆ, ಬಲಗೈಗೆ ಕಟ್ಟುವ ಗಡಿಯಾರ, ಎರಡನ್ನೂ ಮಹಾಶಯ ಬಹಳ ಶ್ರದ್ಧೆಯಿಂದ ಬರೆದಿದ್ದ. ಅವನು ಸರಿಯಾದ ಜಾಗದಲ್ಲಿ ಇಟ್ಟದ್ದು ಆ ಎರಡನ್ನೇ. ಬೀರಣ್ಣ ನಗುತ್ತಾನೆ ಎಂದು ಕಾದೆ. ನಕ್ಕಿದ್ದರೆ ಒಳ್ಳೆಯದಿತ್ತು. ಅವನು ಚಿತ್ರ ನೋಡಿದ, ನೆಲ ನೋಡಿದ, ಆಮೇಲೆ ಇಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದ.

ನಾನು ರಮಾಕಾಂತನನ್ನು ಹುಡುಕಿ, ಅಲ್ಲಿಯೇ, ನಾಲ್ಕು ಜನರ ಮುಂದೆ ಹಿಡಿದೆ. ಅನ್ನ ಹಾಕಿದ ಮನೆಯ ಮಾನ ತೆಗೆದವನು, ಎಂಟು ವಾರ ಮೀನು ತಿಂದು ಎಣ್ಣೆ ಬಣ್ಣದಲ್ಲಿ ವಾಂತಿ ಮಾಡಿದವನು, ಹೀಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಕೂಡಲೇ ಕೆಳಗಿಳಿಸು, ಇಲ್ಲದಿದ್ದರೆ ನಾನೇ ಇಳಿಸುತ್ತೇನೆ ಎಂದೆ. ಹೇಳುತ್ತ ಹೇಳುತ್ತ ಒಂದು ಸಂಗತಿ ಗಮನಕ್ಕೆ ಬಂತು. ಜನ ನನ್ನನ್ನೇ ನೋಡುತ್ತಿರಲಿಲ್ಲ. ಒಮ್ಮೆ ನನ್ನನ್ನು, ಒಮ್ಮೆ ಗೋಡೆಯನ್ನು, ಮತ್ತೆ ನನ್ನನ್ನು ನೋಡುತ್ತಿದ್ದರು. ಕನ್ನಡಕ ಹಾಕಿದ ಒಬ್ಬ ಸಭ್ಯಗೃಹಸ್ಥರು ಬಂದು, ಬೇಸರವಿಲ್ಲದಿದ್ದರೆ ಚಿತ್ರದ ಪಕ್ಕ ಹಾಗೇ ನಿಲ್ಲಬಹುದೇ, ಒಂದು ಫೋಟೋ ತೆಗೆಯುತ್ತೇನೆ ಎಂದು ಕೇಳಿದರು. ಕುತ್ತಿಗೆಯ ಮೇಲೆ ಕೈಯಿಟ್ಟು ನೋಡಿಕೊಂಡೆ. ನರ ಹಗ್ಗದ ಹಾಗೇ ಇತ್ತು.

ಈ ಗದ್ದಲದಲ್ಲಿ ನಾನು ಸುಮತಿಯನ್ನು ಮರೆತಿದ್ದೆ. ಅವಳು ಚಿತ್ರಕ್ಕೆ ಬಹಳ ಹತ್ತಿರ ಹೋಗಿ ನಿಂತಿದ್ದಳು. ಬಣ್ಣದ ಮೇಲೆ ಬೆರಳು ತಾಗುತ್ತದೋ ಎನ್ನುವಷ್ಟು ಹತ್ತಿರ. ತಿರುಗದೆಯೇ ತಮ್ಮನನ್ನು ಕೇಳಿದಳು.

"ನಂಗೆ ಬಾಯಿ ಬರೀಲಿಲ್ಲ ಎಂತಕ್ಕೆ?"

"ಎಂಟು ಆಯ್ತವಾರ ಕಾದೆ ಅಕ್ಕಾ," ಎಂದ ರಮಾಕಾಂತ. "ನೀ ಒಂದಿನನೂ ತೆರೀಲಿಲ್ಲ. ಕಾಣದ್ದನ್ನ ಹೆಂಗೆ ಬರೀಲಿ?"

ನಾನು ಇನ್ನೂ ಏನೋ ಹೇಳುವುದರಲ್ಲಿದ್ದೆ. ವಿದ್ಯಾ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು.

ಆಗಷ್ಟೇ ಫೋಟೋ ತೆಗೆಯುವ ಮೊಬೈಲುಗಳು ಬರತೊಡಗಿದ್ದವು. ನಾನೇ ಆಮಂತ್ರಿಸಿದ ಕಂಡಕ್ಟರುಗಳ ಪೈಕಿ ಒಬ್ಬನ ಬಳಿ ಅಂಥದ್ದೊಂದಿತ್ತು. ವಾರದೊಳಗೆ ನಾನು ಹುಬ್ಬಳ್ಳಿ, ಶಿರಸಿ, ಭಟ್ಕಳ ಎಲ್ಲ ಕಡೆಯೂ ತಲುಪಿದೆ. ಡ್ರೈವರುಗಳು ಕಿಟಕಿಯ ಹತ್ತಿರ ಬಂದು ಸಹಿ ಹಾಕಿಸಿಕೊಳ್ಳುವಾಗ ನನ್ನ ಕಾಲಿನ ಕಡೆ ಬಗ್ಗಿ ನೋಡುವುದನ್ನು ರೂಢಿ ಮಾಡಿಕೊಂಡರು. ರಮಾಕಾಂತ ಇನ್ನು ನನ್ನ ಹೊಸ್ತಿಲು ತುಳಿಯಕೂಡದು ಎಂದು ಮನೆಯಲ್ಲಿ ಘೋಷಿಸಿದೆ. ಸುಮತಿ ಎಂದಿನಂತೆ ಸುಮ್ಮನಿದ್ದಳು. ಅವಳು ಒಪ್ಪಿದಳೆಂದು ತಿಳಿದೆ. ಇಪ್ಪತ್ತು ವರ್ಷ ಹಾಗೆಯೇ ತಿಳಿದುಕೊಂಡು ಬಂದವನಲ್ಲವೇ.

ಮುಂದಿನ ಬುಧವಾರ ಬೆಳಿಗ್ಗೆ ತಿಂಡಿಯ ತಟ್ಟೆ ಇಟ್ಟು, ತಾನು ಸದಾಶಿವಗಡಕ್ಕೆ ಹೋಗುವುದಾಗಿ, ರಮಾಕಾಂತ ತನ್ನ ಚಿತ್ರ ಬರೆಯುವುದಾಗಿ ಹೇಳಿದಳು. ನಾನು ಬೇಡ ಎಂದೆ. ಅವಳು ನನ್ನನ್ನು ಕೇಳಿರಲಿಲ್ಲ, ಹೇಳಿದ್ದಳು ಅಷ್ಟೆ. ಆ ವ್ಯತ್ಯಾಸ ನನಗೆ ಗೊತ್ತಾದದ್ದು ಹತ್ತು ಗಂಟೆಗೆ, ಅವಳು ಬಸ್‌ಸ್ಟ್ಯಾಂಡಿಗೆ ಬಂದು, ನನ್ನ ಕಿಟಕಿಯ ಮುಂದೆಯೇ ಹಾದು, ಕಾರವಾರದ ಬಸ್ಸು ಹತ್ತಿ ಕೂತಾಗ. ಹಸಿರು ಸೀರೆ, ಕೈಯಲ್ಲಿ ಕೊಡೆ. ಆ ದಿನ ಕಂಡಕ್ಟರ್ ಬೀರಣ್ಣನೇ. ನನ್ನ ಸಹಿಯಿಲ್ಲದೆ ಬಸ್ಸು ಬಿಡುವಂತಿಲ್ಲ, ಅವನು ಸಹಿಗೆ ಹಾಳೆ ತಂದು ಹಿಡಿದ. ನಾನು ಹಾಕಲಿಲ್ಲ. ಟೈರು ನೋಡಬೇಕು ಎಂದೆ. ಟೈರು ಸರಿಯಿದೆ ಎಂದ. ಲೈಟು ನೋಡಬೇಕು ಎಂದೆ. ಹಗಲು ಹತ್ತು ಗಂಟೆ ಎಂದ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಒಳಗೆ ಕೂತ ಜನ ಕಿಟಕಿಯಿಂದ ತಲೆ ಹೊರಹಾಕಿ ಗೊಣಗಲು ಶುರುಮಾಡಿದರು. ನಾನು ಮೈಕು ಹಿಡಿದುಕೊಂಡು, ತಾಂತ್ರಿಕ ಕಾರಣಗಳಿಂದ ಕಾರವಾರದ ಬಸ್ಸು ತಡವಾಗಿ ಹೊರಡುತ್ತದೆ ಎಂದು ಪ್ರಕಟಿಸಿದೆ.

ಸುಮತಿ ಬಸ್ಸಿನಿಂದ ಇಳಿದು ಬಂದಳು. ಮನೆಗೆ ಹೋಗುತ್ತಾಳೆ ಎಂದುಕೊಂಡು ನಾನು ಒಳಗೊಳಗೇ ಗೆದ್ದೆ. ಅವಳು ನನ್ನ ಕಿಟಕಿಗೆ ಬಂದು ನಿಂತಳು. ಮೈಕು ಇನ್ನೂ ಆನ್ ಇತ್ತು ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ.

"ಬಸ್ಸು ಬಿಡಿ. ನಿಮ್ಮ ಸಿಟ್ಟಿಗೆ ಈ ಜನ ಎಂತಕ್ಕೆ ಕಾಯ್ಬೇಕು? ನಾ ಸಂಜೆಗೆ ಬರ್ತೆ. ಸಾರು ಮಾಡಿಟ್ಟಿದ್ದೆ, ಅನ್ನ ನೀವೇ ಮಾಡ್ಕಣಿ."

ಇಡೀ ಬಸ್‌ಸ್ಟ್ಯಾಂಡು, ಹೂವಿನವರು, ಕಡಲೆಯವರು, ಹುಬ್ಬಳ್ಳಿಗೆ ಹೋಗುವವರು, ಎಲ್ಲರೂ ಕೇಳಿದರು. ನಾನು ಸಹಿ ಹಾಕಿದೆ. ಪೆನ್ನು ಕಾಗದ ಹರಿದು ಕೆಳಗಿನ ಹಾಳೆಗೂ ಇಳಿದಿತ್ತು. ಬೀರಣ್ಣ ಏನೂ ಆಗದವನ ಹಾಗೆ ಸೀಟಿ ಊದಿದ. ಮಧ್ಯಾಹ್ನ ಮನೆಗೆ ಹೋಗಿ ಅನ್ನ ಮಾಡಿದೆ, ಅದು ಗಂಜಿಯಾಯಿತು. ಬೈಯಲು ಯಾರೂ ಇರಲಿಲ್ಲ.

ಹೀಗೆ ಆರು ಬುಧವಾರ ಹೋದಳು. ಆರನೆಯ ಸಲ ಬರುವಾಗ ಹಳೆಯ ಸೀರೆಯಲ್ಲಿ ಸುತ್ತಿದ ಚಿತ್ರವನ್ನು ಬಸ್ಸಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ತಂದಳು. ಮೊಳೆಯನ್ನು ಅವಳೇ ಹೊಡೆದಳು, ಊಟದ ಕೋಣೆಯಲ್ಲಿ, ನಾನು ಕೂರುವ ಜಾಗಕ್ಕೆ ಸರಿಯಾಗಿ ಎದುರಿಗೆ. ಇದರಲ್ಲಿ ಅವಳೊಬ್ಬಳೇ ಇದ್ದಾಳೆ. ನಿಂತಿದ್ದಾಳೆ, ಹೆಗಲು ಅಗಲ, ಪಾದ ನೆಲಕ್ಕೆ ಬೇರು ಬಿಟ್ಟ ಹಾಗೆ. ಬಾಯಿ ಇದೆ. ತೆರೆದಿದೆ. ಒಳಗೆ ಹಲ್ಲು, ನಾಲಗೆ ಎಲ್ಲವೂ ಇವೆ, ಯಾರಿಗೋ ಬೈಯುತ್ತಿದ್ದಾಳೆ. ಅಷ್ಟು ವರ್ಷಗಳಲ್ಲಿ ಅವಳ ಆ ಮುಖ ನಾನು ನೋಡಿರಲಿಲ್ಲ. ನೋಡಿ ಮೈಯೆಲ್ಲ ಉರಿಯಿತು. ನನ್ನ ಮನೆಯಲ್ಲಿ, ನನ್ನ ತಟ್ಟೆಯ ಮುಂದೆ ಇದೆಂಥ ಅವತಾರ ಎಂದೆ. ಯಾರಿಗೆ ಬೈಯುತ್ತಿದ್ದೀ ಎಂದು ಕೇಳಿದೆ. ಕೇಳಬಾರದಿತ್ತು.

ಅವಳು ಬಡಿಸುವುದನ್ನು ನಿಲ್ಲಿಸಿ, ಪಾತ್ರೆ ಕೆಳಗಿಟ್ಟು, ನನ್ನ ಎದುರು ಕೂತು ಹೇಳಿದಳು. ವಿದ್ಯಾ ಹುಟ್ಟಿದ ವರ್ಷ, ಮಾವಿನಹಣ್ಣಿನ ಕಾಲ. ಅವಳ ತಾಯಿ ಮೊಮ್ಮಗಳನ್ನು ನೋಡಲೆಂದು ಇಷಾಡ ಹಣ್ಣಿನ ಬುಟ್ಟಿ ಹೊತ್ತುಕೊಂಡು ಹಾರವಾಡದಿಂದ ಅಂಕೋಲೆಗೆ ಬಂದಿಳಿದಿದ್ದರು. ತಲೆಯ ಮೇಲಿಂದ ಬುಟ್ಟಿ ಇಳಿಸಿ, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತದ್ದು ಬಸ್ಸು ಹಿಂದಕ್ಕೆ ಬರುವ ಜಾಗದಲ್ಲಿ. ನಾನು ಮೈಕಿನಲ್ಲಿ, ಏ ಮುದುಕಿ, ಇದೇನು ನಿನ್ನ ಅಪ್ಪನ ಜಾಗವಾ, ಬುಟ್ಟಿ ಎತ್ತು ಎಂದು ಕೂಗಿದ್ದೆನಂತೆ. ಇನ್ನೂ ಎರಡು ಮಾತು ಅಂದಿದ್ದೆನಂತೆ, ಜನ ನಕ್ಕರಂತೆ. ತಾಯಿಯನ್ನು ಎದುರುಗೊಳ್ಳಲು ಕೂಸನ್ನು ಎತ್ತಿಕೊಂಡು ಬಂದ ಸುಮತಿ ಕಂಬದ ಹಿಂದೆ ನಿಂತು ಕೇಳಿಸಿಕೊಂಡಳು. ತಾನು ಕೇಳಿದ್ದು ತಾಯಿಗೆ ಗೊತ್ತಾಗಬಾರದೆಂದು ಅಲ್ಲಿಂದಲೇ ಮನೆಗೆ ತಿರುಗಿದಳು. ತಾಯಿ ಅರ್ಧ ಗಂಟೆ ಬಿಟ್ಟು ಒಬ್ಬರೇ ಬಂದು, ಬಸ್ಸು ತಡವಾಯಿತು ಎಂದರು. ಆ ಹಣ್ಣನ್ನು ನಾನು ಮೆಚ್ಚಿ ಮೆಚ್ಚಿ ತಿಂದೆ.

ನನಗೆ ಆ ದಿನ ನೆನಪಿಲ್ಲ. ಅದು ಇನ್ನೂ ಕೆಟ್ಟದ್ದು. ನೆನಪಿಡುವಂಥ ಸಂಗತಿಯೆಂದು ನನಗೆ ಅನ್ನಿಸಿರಲೇ ಇಲ್ಲ. ಅತ್ತೆ ಎಂದು ಗುರುತು ಸಿಕ್ಕಿರಲಿಕ್ಕಿಲ್ಲ ಎಂದೆ.

"ಗುರುತು ಇಲ್ಲದವ್ರಿಗೆ ಹಂಗೆ ಅನ್ಬಹುದಾ?" ಎಂದಳು ಸುಮತಿ.

ಮೂರು ದಿನ ನನಗೆ ವಿಪರೀತ ಸಿಟ್ಟು. ರಮಾಕಾಂತನ ಮೇಲೆ, ಸುಮತಿಯ ಮೇಲೆ, ಬುಟ್ಟಿಯ ಮೇಲೆ, ಆ ಕಂಬದ ಮೇಲೆ. ಯಾರ ಮೇಲೆ ಹಾಕಿದರೂ ಅಲ್ಲಿ ನಿಲ್ಲದೆ ನನ್ನ ಹತ್ತಿರಕ್ಕೇ ವಾಪಸು ಬರುತ್ತಿತ್ತು. ನಾಲ್ಕನೆಯ ದಿನ, ಸುಮತಿಗೆ ಹೇಳದೆ, ಹಾರವಾಡದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತಗ್ಗಿದ ದನಿಯಲ್ಲಿ ಹೇಳುವುದನ್ನು ಅಭ್ಯಾಸ ಮಾಡಿದೆ. ಅಂಥ ದನಿ ನನ್ನಲ್ಲಿದೆ ಎಂದೇ ನನಗೆ ತಿಳಿದಿರಲಿಲ್ಲ. ಪಕ್ಕದಲ್ಲಿ ಕೂತವರು ಹುಷಾರಿಲ್ಲವೇ ಎಂದು ವಿಚಾರಿಸಿದರು.

ಅತ್ತೆ ಹಿರಿಯ ಮಗನ ಮನೆಯ ಜಗಲಿಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಮನೆಯವರು ಗದ್ದೆಗೆ ಹೋಗಿದ್ದರು. ನಾನು ಹತ್ತಿರ ಕೂತು, ಅಭ್ಯಾಸ ಮಾಡಿದ ದನಿಯಲ್ಲಿ, ಅತ್ತೆ ನನ್ನಿಂದ ತಪ್ಪಾಯಿತು ಎಂದೆ. ಅವರು ನಗುತ್ತ, ಊಟ ಆಗಿದೆ ಎಂದರು. ಇನ್ನೊಮ್ಮೆ ಹೇಳಿದೆ. ವಿದ್ಯಾ ಚೆನ್ನಾಗಿ ಓದುತ್ತಿದ್ದಾಳೆಂದು ಕೇಳಿ ಸಂತೋಷ ಎಂದರು. ಒಂದು ವರ್ಷದಿಂದ ಅವರಿಗೆ ಕಿವಿ ದೂರವಾಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಬೇರೆ ದಾರಿ ಇರಲಿಲ್ಲ. ಹುಬ್ಬಳ್ಳಿ ಬಸ್ಸಿಗೆ ಇಟ್ಟ ದನಿಯನ್ನು ತೆಗೆದು, ಬಸ್‌ಸ್ಟ್ಯಾಂಡಿನಲ್ಲಿ, ಮೈಕಿನಲ್ಲಿ, ಮಾವಿನಹಣ್ಣಿನ ಬುಟ್ಟಿ, ನಿಮಗೆ ಬೈದವನು ನಾನೇ, ತಪ್ಪಾಯಿತು ಎಂದು ಕೂಗಿದೆ. ಬೇಲಿಯಾಚೆಯಿಂದ ಒಬ್ಬರು, ರಸ್ತೆಯಿಂದ ಇಬ್ಬರು, ಮಾತು ತಿಳಿಯದೆ ದನಿಯಷ್ಟೇ ಕೇಳಿ ಓಡಿಬಂದರು. ವಯಸ್ಸಾದವರ ಮೇಲೆ ಹೀಗೆ ಕಿರುಚುವುದು ಸರಿಯಲ್ಲ ಎಂದು ಒಬ್ಬಾಕೆ ನನಗೆ ಬುದ್ಧಿ ಹೇಳಿದಳು. ಅತ್ತೆ ಕೈಯೆತ್ತಿ ಅವರನ್ನೆಲ್ಲ ಕಳಿಸಿದರು. ಆಮೇಲೆ ಮಡಿಲಿನ ಸಿಪ್ಪೆ ಕೊಡವಿ, ನನ್ನ ಕಡೆ ಬಗ್ಗಿದರು.

"ಗೊತ್ತಿತ್ತು. ಆ ದನಿ ಈ ತಾಲೂಕಲ್ಲಿ ಮತ್ಯಾರಿಗಿದೆ?" ಎಂದರು. ಇನ್ನೊಂದು ಶೇಂಗಾ ಸುಲಿದು, "ಸುಮತಿಗೆ ಮಾತ್ರ ಹೇಳ್ಬೇಡಿ. ಅದಕ್ಕೆ ಗೊತ್ತಿಲ್ಲ. ಬೇಜಾರು ಮಾಡ್ಕಳ್ತದೆ."

ಹದಿನೇಳು ವರ್ಷ ತಾಯಿ ಮಗಳಿಂದ, ಮಗಳು ತಾಯಿಯಿಂದ ಬಚ್ಚಿಟ್ಟುಕೊಂಡ ಮಾತಿನ ನಡುವೆ ನಾನು ಕೂತಿದ್ದೆ. ಹೇಳುವುದಿಲ್ಲ ಎಂದು ತಲೆ ಆಡಿಸಿದೆ. ಅವರು ನನ್ನ ಅಂಗೈಗೆ ಒಂದು ಹಿಡಿ ಶೇಂಗಾ ಹಾಕಿದರು.

ಸಂಜೆ ಅಂಕೋಲೆಯಲ್ಲಿ ಇಳಿಯುವಷ್ಟರಲ್ಲಿ ಸುದ್ದಿ ನನಗಿಂತ ಮುಂಚಿನ ಬಸ್ಸಿಗೆ ಬಂದಿತ್ತು. ಕಂಟ್ರೋಲರ್ ಸಾಹೇಬರು ಹಾರವಾಡಕ್ಕೆ ಹೋಗಿ, ಕಿವಿ ಕೇಳದ ಅತ್ತೆಯನ್ನು ಜಗಲಿಯಲ್ಲಿ ಕೂರಿಸಿ ಬೈದು ಬಂದರಂತೆ ಎಂದು ಬೀರಣ್ಣ ಹೂವಿನವಳಿಗೆ ಹೇಳುತ್ತಿದ್ದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜನ್ಮದಲ್ಲಿ ಮೊದಲ ಸಲ ಕ್ಷಮೆ ಕೇಳಿ ಬಂದಿದ್ದೇನೆ, ಅದರ ಫಲ ಇದು. ಅವನ ಕಾಲರ್ ಹಿಡಿದು ನಿಜ ಹೇಳಬೇಕೆಂದು ಎರಡು ಹೆಜ್ಜೆ ಹೋದೆ. ಹೇಳಿದರೆ ನಾಳೆ ಬೆಳಗಿನ ಮೊದಲ ಬಸ್ಸಿಗೆ ಅದು ಹಾರವಾಡ ಮುಟ್ಟುತ್ತದೆ, ಸುಮತಿಗೆ ಅಂದಿನಿಂದಲೇ ಗೊತ್ತಿತ್ತೆಂದು ಅತ್ತೆಯ ಕಿವಿಗೆ ಯಾರಾದರೂ ಕೂಗಿಯೇ ಕೂಗುತ್ತಾರೆ. ಬಾಯಿ ತೆರೆದವನು ಮುಚ್ಚಿದೆ. ಬೀರಣ್ಣ ನನ್ನನ್ನು ನೋಡಿ, ಅಷ್ಟೆಲ್ಲ ಬೈದು ಬಂದದ್ದಕ್ಕೆ ಗಂಟಲು ಬಿದ್ದಿರಬೇಕು ಎಂದು ಕನಿಕರದಿಂದ ಬಿಸಿ ಚಹಾ ತರಿಸಿದ. ಅದನ್ನು ಕುಡಿದು, ಏನೂ ಹೇಳದೆ, ಮನೆಗೆ ಹೋದೆ.